ಚಕ್ಕಡಿ ಮುಂದಕ್ಕೆ ಹೋಗುವುದು ಹೇಗೆ

ನಮ್ಮ ಮನೆಯ ಮುಂಬಾಗಿಲು ತೆರೆಯಬೇಕಾದರೆ ಹೆಗಲು ಕೊಡಬೇಕಾಗುತ್ತಿತ್ತು. ಅಂಗೈಗೆ ಅದು ಜಗ್ಗುತ್ತಿರಲಿಲ್ಲ. ಒಳಗೆ ಬಂದರೆ ಎಡಕ್ಕೆ ದನ ಕಟ್ಟುವ ಜಾಗ, ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಪಡಸಾಲೆ ದಾಟಿದರೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ನಮಗೂ ಎತ್ತುಗಳಿಗೂ ನಡುವೆ ಇದ್ದದ್ದು ಆ ಮೂರು ಮೆಟ್ಟಿಲು ಅಷ್ಟೇ. ನಾವು ರೊಟ್ಟಿ ತಿನ್ನುವಾಗ ಅವೂ ಮೇವು ಮೆಲ್ಲುತ್ತಿದ್ದವು. ಯಾರು ಅಗಿಯುವ ಸದ್ದು ಯಾವುದು ಅಂತ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ ಎಂದು ಆಯಿ ನಗುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ನಾವು ನಾಲ್ಕೇ ಜನ: ಆಯಿ, ಅಪ್ಪ, ಅವ್ವ, ನಾನು. ಕಟ್ಟೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಬಾಡಿಗೆಗಿದ್ದ ಕುಲಕರ್ಣಿ ಮಾಸ್ತರರನ್ನು ಸೇರಿಸಿದರೆ ಐದು. ಅವರು ನಮ್ಮೂರ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸವದತ್ತಿ ಕಡೆಯಿಂದ ಬಂದವರು. ವಯಸ್ಸು ಇಪ್ಪತ್ತೈದರ ಆಸುಪಾಸು, ಗಾಳಿ ಬಂದರೆ ಹಾರಿಹೋಗುವಂಥ ಮೈ. ಸ್ಟೋವಿನ ಮೇಲೆ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ನಮ್ಮ ಮನೆಯ ಹಾಲು ಮೊಸರು ನಡೆಯುತ್ತಿತ್ತು, ರೊಟ್ಟಿ ಬೇಡ ಎನ್ನುತ್ತಿದ್ದರು. ಎರಡನೆಯ ವರ್ಷಕ್ಕೆ ಅವ್ವನ ಪುಂಡಿಪಲ್ಯದ ವಾಸನೆ ಅವರ ಹಟ ಮುರಿಯಿತು, ಅದು ಬೇರೆ ಮಾತು.

ಈ ಮನೆಯಿಂದ ಡಿಗ್ರಿಯವರೆಗೆ ಹೋದವರಲ್ಲಿ ನಾನೇ ಮೊದಲು. ಇದನ್ನು ನಾನು ಸಂಕೋಚಪಟ್ಟು ಹೇಳುವುದಿಲ್ಲ. ಬಿಟ್ಟಿ ಸಿಕ್ಕಿದ್ದಾಗಿದ್ದರೆ ಸಂಕೋಚಪಡಬಹುದಿತ್ತು. ನಮ್ಮ ಓಣಿಯ ಹುಡುಗಿಯರನ್ನೆಲ್ಲ ಏಳನೆಯ ಇಯತ್ತೆಗೇ ಸಾಲಿ ಬಿಡಿಸಿದ್ದರು. ನನ್ನನ್ನೂ ಬಿಡಿಸಬೇಕೆಂದು ಆಯಿ ಪಟ್ಟು ಹಿಡಿದಿದ್ದಳು, ಅವ್ವ ಬಾಯಿ ಬಿಡದೆ ಅತ್ತಿದ್ದಳು. ಅಪ್ಪ ಇಬ್ಬರ ನಡುವೆ ಒಂದು ದಾರಿ ಹುಡುಕಿ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠವಿದೆ:

"ಪಾಸ್ ಆಗೂ ತನಕ ಹೋಗು. ನಪಾಸ್ ಆದ ದಿನಾ ಪಾಟೀಚೀಲ ಗೂಟಕ್ಕ ಹಾಕು. ನಾ ಬೈಯೂದಿಲ್ಲ, ಬಡಿಯೂದಿಲ್ಲ. ಆದ್ರ ಮಾತ ಅಂದ್ರ ಮಾತ."

ಹಾಗಾಗಿ ನಾನು ಓದುತ್ತಿದ್ದದ್ದು ಕಲಿಯುವುದಕ್ಕಲ್ಲ, ಆ ಗೂಟದಿಂದ ತಪ್ಪಿಸಿಕೊಳ್ಳುವುದಕ್ಕೆ. ಇತಿಹಾಸವನ್ನು ಗಟಗಟ ಕುಡಿದೆ. ಕನ್ನಡದ ಪದ್ಯಗಳನ್ನು ಸಗಣಿ ತಟ್ಟುವಾಗ ಹೇಳಿಕೊಂಡೆ. ತಿಳಿಯದಿದ್ದರೂ ಪರವಾಗಿಲ್ಲ, ನೆನಪಿದ್ದರೆ ಸಾಕು ಎಂಬುದು ನನ್ನ ಧೋರಣೆಯಾಗಿತ್ತು. ಒಂಬತ್ತನೆಯ ಇಯತ್ತೆಯ ವಿಜ್ಞಾನದ ಪುಸ್ತಕಕ್ಕೆ ಬರುವವರೆಗೆ ಅದು ನಡೆಯಿತು ಕೂಡ.

ಆ ಪುಸ್ತಕದಲ್ಲಿ ಚಲನೆ ಮತ್ತು ಬಲ ಎಂಬ ಪಾಠವಿತ್ತು. ಮೊದಲನೆಯ ನಿಯಮದ ಪ್ರಕಾರ, ಚಲಿಸುತ್ತಿರುವ ವಸ್ತು ಹೊರಗಿನ ಬಲವೊಂದು ತಡೆಯದಿದ್ದರೆ ಒಂದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. ತಾನಾಗಿ ಚಲಿಸುತ್ತಲೇ ಇರುವ ಒಂದೇ ಒಂದು ವಸ್ತುವನ್ನೂ ನಮ್ಮ ಮನೆಯಲ್ಲಿ ನಾನು ಕಂಡಿರಲಿಲ್ಲ. ಬಾಗಿಲಿಗೆ ಹೆಗಲು ಕೊಡಬೇಕು, ಬಾವಿಯ ಹಗ್ಗಕ್ಕೆ ರಟ್ಟೆ ಕೊಡಬೇಕು, ಚಕ್ಕಡಿಯಂತೂ ಎತ್ತು ನಿಂತ ಕೂಡಲೇ ನಿಲ್ಲುತ್ತಿತ್ತು. ಮಾಸ್ತರರು ತರಗತಿಯ ಮೇಜಿನ ಮೇಲೆ ಗೋಲಿ ಉರುಳಿಸಿ, ಇದು ನಿಲ್ಲುವುದು ಘರ್ಷಣೆಯಿಂದ, ಘರ್ಷಣೆಯೇ ಇಲ್ಲದಿದ್ದರೆ ಇದು ಬೈಲಹೊಂಗಲ ದಾಟಿ ಹೋಗುತ್ತಿತ್ತು ಎಂದರು. ಹುಡುಗರು ನಕ್ಕರು, ನಾನೂ ನಕ್ಕೆ, ಯಾಕೆಂದು ತಿಳಿಯಲಿಲ್ಲ. ಮನೆಗೆ ಬಂದಾಗ ಅವ್ವ ಜೋಳ ಬೀಸುತ್ತಿದ್ದಳು. ಎದುರಿಗೆ ಕುಳಿತು ಬೀಸುಕಲ್ಲಿನ ಗೂಟ ಹಿಡಿದು ಎರಡು ಸುತ್ತು ತಿರುಗಿಸಿದೆ, ಇದ್ದಕ್ಕಿದ್ದಂತೆ ಕೈ ಬಿಟ್ಟೆ. ಭಾರವೆಲ್ಲ ತನ್ನ ತೋಳಿಗೆ ಬಿದ್ದಾಗ ಅವ್ವ ಮುಖ ಎತ್ತಿ ನೋಡಿದಳು. ಕಲ್ಲು ತಾನೇ ತಿರುಗುತ್ತದಂತೆ, ಪುಸ್ತಕದಲ್ಲಿ ಬರೆದಿದ್ದಾರೆ ಎಂದೆ. ಹಾಗಿದ್ದರೆ ನಾಳೆ ಮುಂಜಾನೆ ನಿನ್ನ ಪುಸ್ತಕಕ್ಕೇ ಒಂದು ಸೇರು ಬೀಸಿ ಕೊಡಲು ಹೇಳು ಎಂದು ಆಕೆ ಮತ್ತೆ ಬೀಸತೊಡಗಿದಳು.

ಅಪ್ಪ ಚಕ್ಕಡಿಯ ಮನುಷ್ಯ. ಸಾಲಿಯ ಮೆಟ್ಟಿಲು ಹತ್ತಿದವನಲ್ಲ, ಅಂಕಿ ಓದುತ್ತಿದ್ದ, ಸಹಿ ಮಾಡುತ್ತಿದ್ದ. ಬೈಲಹೊಂಗಲದ ಪೇಟೆಗೆ ಹತ್ತಿ, ನೇಸರಗಿಯ ಸಂತೆಗೆ ಕಾಳು ಹೇರಿಕೊಂಡು ಹೋಗುತ್ತಿದ್ದ. ಎರೆಮಣ್ಣಿನಲ್ಲಿ ಯಾರದೇ ಚಕ್ಕಡಿ ಹೂತರೂ ಅವನಿಗೇ ಕರೆ ಬರುತ್ತಿತ್ತು. ನಮ್ಮ ಎರಡು ಎತ್ತುಗಳಲ್ಲಿ ಒಂದು ಹರೆಯದ್ದು, ಇನ್ನೊಂದಕ್ಕೆ ವಯಸ್ಸಾಗಿತ್ತು. ನೊಗವನ್ನು ಚಕ್ಕಡಿಯ ಮುಂದೆ ಚಾಚಿದ ಮೂಕಿಗೆ ಬಿಗಿಯುವಾಗ ಅಪ್ಪ ಸರಿಯಾಗಿ ನಡುವಿಗೆ ಬಿಗಿಯುತ್ತಿರಲಿಲ್ಲ, ಕಟ್ಟನ್ನು ಹರೆಯದ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸುತ್ತಿದ್ದ. ಹಾಗೆ ಮಾಡಿದರೆ ಹೆಚ್ಚಿನ ಭಾರ ಅದರ ಹೆಗಲಿಗೆ ಹೋಗಿ ಮುದಿ ಎತ್ತಿಗೆ ಹಗುರಾಗುತ್ತದೆ. ನಾಲ್ಕೇ ಬೆರಳು ಯಾಕೆ ಎಂದು ಕೇಳಿದರೆ, ಎತ್ತಿನ ನಡಿಗೆ ನೋಡಿದರೆ ತಿಳಿಯುತ್ತದೆ ಎನ್ನುತ್ತಿದ್ದ. ಎರಡು ಎಳೆತಗಳು ಎಂದೂ ಸಮ ಇರುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಅವನ ಇಡೀ ಜಾಣತನ ನಿಂತಿತ್ತು. ಅಂಥವನ ಮಗಳಾಗಿ ನಾನು ಮೂರನೆಯ ನಿಯಮ ಓದಿದೆ.

ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ. ಕೆಳಗೆ ಒಂದು ಎತ್ತಿನ ಗಾಡಿಯ ಚಿತ್ರ. ಎತ್ತು ಗಾಡಿಯನ್ನು ಮುಂದಕ್ಕೆ ಎಳೆಯುವುದಕ್ಕೆ ಒಂದು ಬಾಣ, ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುವುದಕ್ಕೆ ಒಂದು ಬಾಣ. ಎರಡರ ಉದ್ದವೂ ಒಂದೇ. ನಾನು ಕಡ್ಡಿ ಇಟ್ಟು ಅಳೆದು ನೋಡಿದೆ, ಒಂದೇ. ಸಮ ಇದ್ದರೆ ಗಾಡಿ ಹೋಗುವುದಾದರೂ ಹೇಗೆ ಎಂದು ಮಾಸ್ತರರನ್ನು ಕೇಳಿದೆ. ಆ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ, ಅದಕ್ಕೇ ಒಂದನ್ನೊಂದು ಕಳೆಯುವುದಿಲ್ಲ ಎಂದರು. ಇನ್ನೊಮ್ಮೆ ಹೇಳಿದರು. ನಾನು ಹೌದೆಂದು ಗೋಣು ಹಾಕಿದೆ. ತಿಳಿಯದಿದ್ದಾಗ ಗೋಣು ಹಾಕುವುದು ನನಗೆ ರೂಢಿಯಾಗಿತ್ತು. ಸಂಜೆ ಅಪ್ಪ ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದಾಗ ಹೋಗಿ ಚಿತ್ರ ತೋರಿಸಿದೆ. ಅವನು ಕೈಗೆ ಹತ್ತಿದ ಮಸಿ ಪುಸ್ತಕಕ್ಕೆ ತಾಗದಂತೆ ದೂರದಿಂದಲೇ ನೋಡಿ ನಕ್ಕ.

"ಸಮ ಅನ್ನೂದು ತಕ್ಕಡಿಯಾಗ ಇರತೈತಿ ಯವ್ವಾ, ಹಗ್ಗದಾಗ ಇರೂದಿಲ್ಲ. ಎತ್ತಿಂದು ಹೆಚ್ಚ, ಚಕ್ಕಡೀದು ಕಡಿಮಿ. ಅದಕ್ಕ ಚಕ್ಕಡಿ ಹೋಗತೈತಿ. ಸಮ ಆದ್ರ ಇಬ್ರೂ ಅಲ್ಲೇ ನಿಂತು ಮಾರಿ ಮಾರಿ ನೋಡ್ಕೋತ ಇರಬೇಕಾಗತೈತಿ."

ಎಷ್ಟು ಹಗುರವಾಯಿತು ಎಂದರೆ, ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ನನಗೆ ಕಂಡದ್ದೇ ಅಪ್ಪನಿಗೂ ಕಂಡಿತ್ತು. ಹೂತ ಚಕ್ಕಡಿಗಳನ್ನು ಎತ್ತಿದ ಮನುಷ್ಯನ ಮಾತಿಗಿಂತ ಚಿತ್ರದ ಬಾಣ ದೊಡ್ಡದಾಗಲು ಹೇಗೆ ಸಾಧ್ಯ? ಆರು ತಿಂಗಳ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು: ಎತ್ತು ಗಾಡಿಯನ್ನು ಎಳೆಯುವಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಎಳೆಯುವುದಾದರೆ ಗಾಡಿ ಮುಂದಕ್ಕೆ ಹೋಗುವುದು ಹೇಗೆ? ಐದು ಮಾರ್ಕ್ಸು. ಟಿಪ್ಪಣಿಯಲ್ಲಿದ್ದ ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು. ಇಲ್ಲಿಯವರೆಗೆ ಎಷ್ಟೋ ತಿಳಿಯದ್ದನ್ನು ಹಾಗೇ ಬರೆದು ಪಾಸಾದವಳು ನಾನು. ಅವತ್ತೇನಾಯಿತೋ, ಪೆನ್ನು ಕೇಳಲಿಲ್ಲ. ದಿನಾ ಕಣ್ಣಿಗೆ ಕಾಣುವ ಚಕ್ಕಡಿಯ ವಿಷಯದಲ್ಲಿ ಸುಳ್ಳು ಬರೆಯುವುದು ಹೇಗೆ ಎನಿಸಿತು. ಅಪ್ಪ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದು ಬಂದೆ.

ಮೂವತ್ತೊಂದು ಬಂತು. ಪಾಸಾಗಲು ಮೂವತ್ತೈದು ಬೇಕು. ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೂರನೆಯ ದಿನ, ಅಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದಾಗ, ಮಾಸ್ತರರೇ ನನ್ನ ಉತ್ತರಪತ್ರಿಕೆ ಹಿಡಿದುಕೊಂಡು ಬಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಎಷ್ಟು ಸಣ್ಣ ಮಾತಿಗೆ ಹುಡುಗಿ ಹಿಂದೆ ಬಿದ್ದಿದ್ದಾಳೆ ಎಂದು ತೋರಿಸಿದರೆ ಅಪ್ಪ ಕರಗುತ್ತಾನೆ ಎಂದುಕೊಂಡಿದ್ದರೇನೋ. ನನ್ನನ್ನು ಕರೆದು ನಿಲ್ಲಿಸಿ ಆ ಉತ್ತರವನ್ನು ಗಟ್ಟಿಯಾಗಿ ಓದಿದರು. "ಎತ್ತಿನದು ಹೆಚ್ಚು, ಗಾಡಿಯದು ಕಡಿಮೆ. ಸಮವಾದರೆ ಇಬ್ಬರೂ ಅಲ್ಲೇ ನಿಂತು ಮುಖ ಮುಖ ನೋಡಿಕೊಳ್ಳುತ್ತಿರಬೇಕಾಗುತ್ತದೆ." ನಾನು ಹೀಗೆ ಕಲಿಸಲಿಲ್ಲವಲ್ಲ ನೀಲಾ, ಇದನ್ನು ಎಲ್ಲಿಂದ ತಂದಿ ಎಂದು ಕೇಳಿದರು. ನಾನು ನೆಲ ನೋಡಿದೆ. ಅಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ, ಅಗತ್ಯಕ್ಕಿಂತ ಹೆಚ್ಚು ಹೊತ್ತು.

"ಆಕಿನ್ನ ಯಾಕ ಕೇಳತೀರಿ ಮಾಸ್ತರ. ಅದು ನನ್ನ ಮಾತು."

ಮಾಸ್ತರರು ಪತ್ರಿಕೆ ಮಡಚಿದರು. ಹಾಗಲ್ಲ ಯಜಮಾನರೇ, ಬೇರೆ ಬೇರೆ ವಸ್ತು, ಬೇರೆ ಬೇರೆ ಬಲ ಎಂದು ಮತ್ತೆ ಶುರು ಮಾಡಿದರು. ಅಪ್ಪ ಪೂರ್ತಿ ಕೇಳಿದ. ಅವನು ಕಲಿತವರ ಮಾತನ್ನು ನಡುವೆ ತುಂಡರಿಸುತ್ತಿರಲಿಲ್ಲ. ಕೇಳಿ ಮುಗಿದ ಮೇಲೆ, ಪುಸ್ತಕದಲ್ಲಿ ತೋರಿಸುವುದು ಬೇಡ, ಹಗ್ಗದಲ್ಲಿ ತೋರಿಸಿರಿ ಎಂದ. ತೋರಿಸುತ್ತೇನೆ ಎಂದರು ಅವರು. ಆಗ ಆಯಿ ಒಳಗಿನಿಂದಲೇ, ಯಾರ ಮಾತು ಬರೆದರೇನು, ನಪಾಸ್ ಅಂದರೆ ನಪಾಸ್, ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಕೂಗಿದಳು. ಅಪ್ಪನಿಗೆ ಅದು ಚುಚ್ಚಿತು.

"ಮಾತು ಎಲ್ಲೂ ಹೋಗಿಲ್ಲ ಬೇ. ನಂದು ಖರೇ ಆದ್ರ ಮಾಸ್ತರು ಮಾರ್ಕ್ಸ್ ಹಾಕ್ತಾರ, ಆಕಿ ಸಾಲಿಗೆ ಹೋಗ್ತಾಳ. ಅವರದು ಖರೇ ಆದ್ರ ಚೀಲಾ ಗೂಟಕ್ಕ."

ಅವತ್ತಿನಿಂದ ಸೋಮವಾರದವರೆಗೆ ನನ್ನ ತಲೆ ಗಾಣದಂತೆ ತಿರುಗಿತು. ಅಪ್ಪ ಗೆದ್ದರೆ ನಾನು ಪಾಸು. ಆದರೆ ಅಪ್ಪ ಗೆದ್ದರೆ ಪುಸ್ತಕ ಸುಳ್ಳು, ಸುಳ್ಳು ಪುಸ್ತಕ ಕಲಿಯಲು ಸಾಲಿಗೆ ಹೋಗಿ ಮಾಡುವುದೇನು? ಮಾಸ್ತರರು ಗೆದ್ದರೆ ಪುಸ್ತಕ ಖರೆ, ಆದರೆ ಅದನ್ನು ಓದಲು ನಾನಿರುವುದಿಲ್ಲ. ದೇವರ ಜಗಲಿಯ ಮುಂದೆ ನಿಂತರೂ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತು ಹಾಗೇ ತಿರುಗಿ ಬಂದೆ.

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ, ಮೈ ತೊಳೆದು ಮೇವು ಹಾಕಿ ಬಿಡುತ್ತಾರೆ. ಅಪ್ಪ ಮನೆಯಲ್ಲಿರುವ ದಿನವೆಂದೇ ಮಾಸ್ತರರು ಸೋಮವಾರ ಮುಂಜಾನೆ ಸಾಲಿಗೆ ಹೋಗುವ ಮೊದಲು ಬಂದರು. ಕೈಯಲ್ಲಿ ಎರಡು ಸ್ಪ್ರಿಂಗ್ ಕಾಟಾ. ಕೆಳಗೆ ಕೊಂಡಿ, ಮೇಲೆ ಉಂಗುರ, ನಡುವೆ ಅಂಕಿಯ ಪಟ್ಟಿ, ಎಳೆದಷ್ಟೂ ಸರಿಯುವ ಒಂದು ಮುಳ್ಳು. ಒಂದು ಸಾಲಿಯದು, ಇನ್ನೊಂದನ್ನು ಬೈಲಹೊಂಗಲದ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹತ್ತಿರ ಬೇಡಿ ತಂದಿದ್ದರು. ಎತ್ತನ್ನು ಬಿಚ್ಚಲೇ ಎಂದು ಅಪ್ಪ ಎದ್ದ. ಸೋಮವಾರ ಎಂದಳು ಆಯಿ. ಅಪ್ಪ ಕುಳಿತ. ಎತ್ತು ಬೇಡ, ನೀವೇ ಜಗ್ಗಿರಿ ಎಂದರು ಮಾಸ್ತರರು. ಮೊದಲು ಒಂದು ಕಾಟಾವನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ, ಅದರ ಕೊಂಡಿಗೆ ಇನ್ನೊಂದನ್ನು ಸಿಕ್ಕಿಸಿ, ತುದಿಗೆ ಹಗ್ಗ ಕಟ್ಟಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಜಗ್ಗಿದ. ಎರಡೂ ಮುಳ್ಳು ಹತ್ತಕ್ಕೆ ಬಂದವು. ಇನ್ನಷ್ಟು ಜಗ್ಗಿದ, ಎರಡೂ ಹದಿನೈದಕ್ಕೆ. ನೀವು ಹದಿನೈದು ಜಗ್ಗಿದರೆ ಕಂಬವೂ ಹದಿನೈದು ಜಗ್ಗುತ್ತಿದೆ ಎಂದರು ಮಾಸ್ತರರು. ಆಯಿ ಬಿದ್ದು ಬಿದ್ದು ನಕ್ಕಳು.

"ನಾ ಲಗ್ನಾಗಿ ಬಂದಾಗಿಂದ ನೋಡಾಕ ಹತ್ತೇನಿ, ಈ ಕಂಬ ಯಾರನ್ನೂ ಜಗ್ಗಿಲ್ರಿ ಮಾಸ್ತರ. ನಿಮ್ಮನ್ನ ನೋಡಿ ಕಲತಿರಬೇಕು."

ಜೀವ ಇರುವುದನ್ನು ಹಚ್ಚಿರಿ ಎಂದ ಅಪ್ಪ. ಮಾಸ್ತರರು ಹಗ್ಗ ಹಿಡಿಯಲು ಮುಂದೆ ಬಂದರು. ಅಪ್ಪ ಅವರ ತೋಳನ್ನೊಮ್ಮೆ ನೋಡಿ, ಬೇಡ, ನಿಮಗೇನಾದರೂ ಆದರೆ ನಾಳೆ ಸಾಲಿ ಬಂದ್ ಆಗುತ್ತದೆ, ನೀಲವ್ವ ಹಿಡಿಯಲಿ ಎಂದ. ಕಂಬದಿಂದ ಬಿಚ್ಚಿದ ತುದಿಯನ್ನು ನಾನು ಹಿಡಿದೆ. ಅಪ್ಪನ ಎದುರಿಗೆ ನಿಂತು ಏನನ್ನಾದರೂ ಎಳೆದದ್ದು ಅದೇ ಮೊದಲು. ಸೋಮವಾರವಾದ್ದರಿಂದ ಅವ್ವ ಆಗಷ್ಟೇ ಪಡಸಾಲೆಯನ್ನು ಸಗಣಿಯಿಂದ ಸಾರಿಸಿದ್ದಳು, ನೆಲ ಪೂರ್ತಿ ಆರಿರಲಿಲ್ಲ. ಅಪ್ಪ ಮೆಲ್ಲಗೆ ಎಳೆದ, ನಾನು ತಡೆದೆ. ಗಟ್ಟಿಯಾಗಿ ಎಳೆದ, ನನ್ನ ಪಾದಗಳು ಹಸಿ ನೆಲದ ಮೇಲೆ ಎರಡು ಗೆರೆ ಕೊರೆಯುತ್ತ ಅವನ ಕಡೆಗೆ ಜಾರಿದವು. ಅಪ್ಪ ಮಾಸ್ತರರನ್ನು ನೋಡಿದ, ಇನ್ನೇನು ಬೇಕು ಎನ್ನುವ ಹಾಗೆ. ಆದರೆ ಮಾಸ್ತರರು ಅವ್ವನನ್ನು ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ಮೊದಲೇ ಕರೆದು, ಮುಳ್ಳುಗಳ ಮೇಲೆ ಕಣ್ಣಿಡಲು ಹೇಳಿದ್ದರು. ಅವ್ವನಿಗೆ ಅಂಕಿ ಬರುತ್ತಿರಲಿಲ್ಲ.

"ಅಂಕಿ ಗಿಂಕಿ ನನಗ ತಿಳಿಯೂದಿಲ್ರಿ. ಎರಡೂ ಮುಳ್ಳು ಒಂದ ಗೆರಿ ಮ್ಯಾಲ ಅದಾವ. ಆಕಿ ಜಾರುಮುಂದನೂ ಅಲ್ಲೇ ಇದ್ದುವು."

ಅಪ್ಪ ನಂಬಲಿಲ್ಲ. ವ್ಯಾಪಾರಿಯ ಕಾಟಾ, ಅದಕ್ಕೆ ಸುಳ್ಳು ಹೇಳಿ ರೂಢಿ ಎಂದ. ಮಾಸ್ತರರು ಕಾಟಾ ಅದಲು ಬದಲು ಮಾಡಿದರು. ಮತ್ತೆ ಎಳೆದ, ಮತ್ತೆ ನಾನು ಜಾರಿದೆ, ಮುಳ್ಳುಗಳು ಮತ್ತೆ ಒಂದೇ ಗೆರೆಯ ಮೇಲೆ. ಈ ಸಲ ಅಪ್ಪ ತಾನೇ ಬಗ್ಗಿ ನೋಡಿದ. ಅವನ ಮುಖದಲ್ಲಿ ಅಂಥ ಗೊಂದಲವನ್ನು ನಾನು ಹಿಂದೆ ಕಂಡಿರಲಿಲ್ಲ. ನಾ ಎಳೆದೆ, ಆಕೆ ಬಂದಳು, ಆದರೂ ನನ್ನಷ್ಟೇ ಆಕೆಯೂ ಎಳೆದಳು ಎಂದರೆ ಹೇಗೆ ಎಂದು ಯಾರನ್ನೂ ಕೇಳದ ಹಾಗೆ ಕೇಳಿದ. ಆಕೆಯ ಕಾಲು ಜಾರಿದವು, ನಿಮ್ಮವು ಜಾರಲಿಲ್ಲ, ವ್ಯತ್ಯಾಸ ಹಗ್ಗದಲ್ಲಿಲ್ಲ, ಕಾಲ ಕೆಳಗಿದೆ ಎಂದರು ಮಾಸ್ತರರು. ನನಗೂ ತಿಳಿಯಲಿಲ್ಲ. ನನ್ನ ಕೈಗೆ ನೋವಾಗುತ್ತಿತ್ತು, ಅಪ್ಪನಿಗೆ ಅಷ್ಟೇ ನೋವಾಗಿರಬಹುದೇ ಎಂದು ಯೋಚಿಸುತ್ತಿದ್ದೆ.

ಇನ್ನೊಂದು ಸಲ ಎಂದ ಅಪ್ಪ. ನಾನು ದೂರದಿಂದ ಶುರು ಮಾಡೋಣವೆಂದು ಹಿಂದೆ ಸರಿಯುತ್ತ ಅಡುಗೆಮನೆಯೊಳಕ್ಕೆ ಹೋದೆ. ಅವ್ವ ಪಕ್ಕಕ್ಕೆ ಸರಿದಳು. ಅಪ್ಪ ಪಡಸಾಲೆಯಲ್ಲಿ, ನಾನು ಒಳಗೆ, ನಡುವೆ ಹೊಸ್ತಿಲು. ಅಪ್ಪ ಈ ಸಲ ಮೈಯನ್ನು ಹಿಂದಕ್ಕೆ ಬಾಗಿಸಿ ಜೀವ ಬಿಟ್ಟು ಎಳೆದ. ನಾನು ಕುಕ್ಕರಿಸಿದೆ, ಜಾರಿದೆ, ನನ್ನ ಎರಡೂ ಅಂಗಾಲುಗಳು ಹೊಸ್ತಿಲಿಗೆ ಹೋಗಿ ತಾಗಿ ಅಲ್ಲೇ ಊರಿಕೊಂಡವು. ಊರಿದೆ ಎಂದು ನಾನು ಹೇಳಲಾರೆ, ಊರಿಕೊಂಡವು. ಅಪ್ಪ ಎಳೆದಷ್ಟೂ ನಾನು ಗಟ್ಟಿಯಾದೆ. ಅವನ ಪಾದಗಳು ಹಸಿ ಸಗಣಿಯ ಮೇಲೆ ನನ್ನ ಕಡೆಗೆ ಸರಿಯುವುದನ್ನು ಕಂಡೆ. ಒಂದು ಗೇಣು, ಎರಡು ಗೇಣು. ಆಮೇಲೆ ಅವು ಒಮ್ಮೆಲೇ ಮುಂದಕ್ಕೆ ಹಾರಿ ಅಪ್ಪ ದೊಪ್ಪನೆ ನೆಲಕ್ಕೆ ಕುಳಿತ. ಕಾಟಾಗಳು ಕಳಚಿ ಬಿದ್ದವು. ಈಗಲೂ ಸಮ, ನೋಡಿದಿರಾ, ಈಗಲೂ ಸಮ ಎಂದು ಮಾಸ್ತರರು ಹೇಳುತ್ತಲೇ ಇದ್ದರು. ಯಾರೂ ಮುಳ್ಳು ನೋಡಿರಲಿಲ್ಲ.

ಆಯಿ ನೋಡುತ್ತಿದ್ದದ್ದು ಹೊಸ್ತಿಲನ್ನು. ನಮ್ಮಲ್ಲಿ ಹೊಸ್ತಿಲು ತುಳಿಯುವವರಿಲ್ಲ, ದಾಟುವವರು ಮಾತ್ರ. ಮುಂಜಾನೆ ತಾನೇ ತೊಳೆದು ಎಳೆದ ವಿಭೂತಿಯ ಪಟ್ಟಿ, ಅರಿಶಿನ ಕುಂಕುಮ ಎಲ್ಲ ನನ್ನ ಅಂಗಾಲಿಗೆ ಹತ್ತಿತ್ತು.

"ಸೋಮವಾರ, ಹೊಸ್ತಿಲಕ್ಕ ಕಾಲ ಕೊಟ್ಟು, ಹೆತ್ತ ಅಪ್ಪನ್ನ ಕೆಡವಿದಿ. ಇನ್ನ ಏನ ಕಲೀಬೇಕಂತಿ ಆ ಸಾಲ್ಯಾಗ?"

ಅವ್ವ ತಂಬಿಗೆ ನೀರು ತಂದು ಹೊಸ್ತಿಲು ತೊಳೆದಳು, ಮತ್ತೆ ವಿಭೂತಿ ಎಳೆದಳು. ಅಪ್ಪ ಎದ್ದು ಧೋತರಕ್ಕೆ ಹತ್ತಿದ ಸಗಣಿ ಕೊಡವಿಕೊಂಡು ಮೂರು ಮೆಟ್ಟಿಲಿಳಿದು ಎತ್ತುಗಳ ಹತ್ತಿರ ಹೋದ. ಮಾಸ್ತರರು ಕಾಟಾ ಎತ್ತಿಕೊಂಡು, ನಾನು ಕೇಳುವ ಮೊದಲೇ, ಬರೆದದ್ದು ತಪ್ಪು ನೀಲಾ, ಮಾರ್ಕ್ಸು ಕೊಡಲು ಬರುವುದಿಲ್ಲ ಎಂದರು. ಅವರ ಧ್ವನಿಯಲ್ಲಿ ಗೆದ್ದವರ ಖುಷಿ ಇರಲಿಲ್ಲ. ನಾನು ಹೋಗಿ ಪಾಟೀಚೀಲವನ್ನು ಗೂಟಕ್ಕೆ ಹಾಕಿದೆ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಯಾರೂ ಬಿಡು ಎನ್ನಲಿಲ್ಲ, ಯಾರೂ ಹೋಗು ಎನ್ನಲಿಲ್ಲ. ಅಪ್ಪ ನನ್ನೊಂದಿಗೆ ಮಾತಾಡಲಿಲ್ಲ. ಸಿಟ್ಟೋ ನಾಚಿಕೆಯೋ ತಿಳಿಯುತ್ತಿರಲಿಲ್ಲ. ಉಣ್ಣುವಾಗ ಒಮ್ಮೊಮ್ಮೆ ರೊಟ್ಟಿಯ ತುಣುಕನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ಜಗ್ಗಿ ನೋಡುತ್ತಿದ್ದ. ಆಯಿ ನನಗೆ ಹೊಸ ಕೆಲಸಗಳನ್ನು ಹೇಳತೊಡಗಿದಳು. ಅವ್ವ ಮಾತ್ರ ದಿನವೂ ಸಾಲಿಯ ಹೊತ್ತಿಗೆ ಎರಡು ರೊಟ್ಟಿ, ಚಟ್ನಿ ಅರಿವೆಯಲ್ಲಿ ಕಟ್ಟಿ ಗೂಟದ ಕೆಳಗೆ ಇಟ್ಟುಬಿಡುತ್ತಿದ್ದಳು. ಮಧ್ಯಾಹ್ನ ನಾನೇ ಅದನ್ನು ಬಿಚ್ಚಿ ಮನೆಯಲ್ಲೇ ಕುಳಿತು ತಿನ್ನುತ್ತಿದ್ದೆ. ಯಾಕೆ ಕಟ್ಟುತ್ತೀ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಮಾಸ್ತರರು ಕಟ್ಟೆಯ ಮೇಲೆ ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದರು. ಪುಸ್ತಕ ಖರೆ ಎಂದು ಸಾಬೀತಾಗಿತ್ತು, ಆದರೂ ನನಗೆ ಅದು ಖರೆ ಎನಿಸಿರಲಿಲ್ಲ. ಅಪ್ಪನನ್ನು ಬೀಳಿಸಿದ್ದು ನಾನೋ ಹೊಸ್ತಿಲೋ ಎಂಬುದೂ ಬಗೆಹರಿಯಲಿಲ್ಲ.

ಶುಕ್ರವಾರ ಶೇಂಗಾ ತರಲು ಆಳು ಸಾಲದೆ ಅಪ್ಪ ನನ್ನನ್ನೂ ಹೊಲಕ್ಕೆ ಕರೆದೊಯ್ದ. ಹಿಂದಿನ ದಿನ ಹಿಂಗಾರಿಯ ಒಂದು ದೊಡ್ಡ ಮಳೆ ಆಗಿತ್ತು. ಚೀಲ ಹೇರಿ, ಮೇಲೆ ಹೊಟ್ಟು ಒಟ್ಟಿ ಬರುವಾಗ ಹಳ್ಳದ ಇಳಿಜಾರಿನಲ್ಲಿ ಚಕ್ಕಡಿ ಹೂತಿತು. ಎತ್ತುಗಳು ಕತ್ತು ಚಾಚಿ ಎಳೆದವು, ಗೊರಸು ಕೆಸರಿನಲ್ಲಿ ಜಾರಿದವು, ಚಕ್ಕಡಿ ಅಲ್ಲಾಡಲಿಲ್ಲ. ಅಪ್ಪ ಬಾರುಕೋಲು ಎತ್ತಲಿಲ್ಲ. ಯಾವಾಗಲೂ ಮಾಡುವಂತೆ ಮೇಲಿನಿಂದ ಎರಡು ತೆಕ್ಕೆ ಹೊಟ್ಟು ಎಳೆದು, ಗಾಲಿಯ ಮುಂದೆ ಹಾಕದೆ ಎತ್ತುಗಳ ಕಾಲ ಬುಡಕ್ಕೆ ಹರಡಿದ. ಹರಡುತ್ತಿದ್ದವನು ಅರ್ಧಕ್ಕೆ ನಿಂತ. ಬಗ್ಗಿದವನು ಬಗ್ಗಿದ ಹಾಗೇ ಗೊರಸನ್ನು ನೋಡುತ್ತ ಇದ್ದುಬಿಟ್ಟ. ಆಮೇಲೆ ಎದ್ದು ಹೋ ಎಂದ. ಎತ್ತುಗಳು ಹೊಟ್ಟಿನ ಮೇಲೆ ಕಾಲೂರಿದವು, ಚಕ್ಕಡಿ ಕಿರುಗುಟ್ಟಿ ಮೇಲೆ ಬಂತು. ದಂಡೆಗೆ ಬಂದ ಮೇಲೆ ನಿಲ್ಲಿಸಿ, ನಾಲ್ಕು ದಿನಗಳಾದ ಮೇಲೆ ಮೊದಲ ಸಲ ನನ್ನತ್ತ ತಿರುಗಿದ.

"ಎತ್ತಿನ ಕಾಲಬುಡಕ ಹಾಕಬೇಕು ಅಂತ ನನಗ ಗೊತ್ತಿತ್ತು. ಯಾಕ ಅಂತ ಗೊತ್ತಿರಲಿಲ್ಲ. ಈಗೂ ಗೊತ್ತಿಲ್ಲ. ಹಗ್ಗದಾಗ ಸಮ ಐತಿ, ಅದನ್ನ ಕಣ್ಣಾರೆ ನೋಡೇನಿ. ಮುಂದಿಂದು ತಿಳೀವಲ್ತು. ನಿನಗರ ತಿಳದೈತೇನು?"

ಇಲ್ಲ ಎಂದೆ. ಜೀವನದಲ್ಲಿ ಮೊದಲ ಸಲ, ತಿಳಿಯದ್ದಕ್ಕೆ ಗೋಣು ಹಾಕಲಿಲ್ಲ.

"ಹಂಗಾದ್ರ ನಾಳೆಯಿಂದ ಹೋಗು. ನನಗ ತಿಳಿಯೂ ಹಂಗ ಹೇಳೂ ತನಕ ಸಾಲಿ ಬಿಡಬ್ಯಾಡ. ಪಾಸ್ ನಪಾಸ್ ಮಾಸ್ತರ ನೋಡ್ಕೋಳ್ಳಿ."

ಆಯಿ ಒಂದು ತಿಂಗಳು ನನ್ನ ಜೊತೆ ಮುನಿಸಿಕೊಂಡಳು. ವರ್ಷದ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಮೂವತ್ತೇಳು ಬಂತು. ಆ ಮೂವತ್ತೇಳಕ್ಕೆ ನಾನು ಎಷ್ಟು ಬೀಗಿದೆನೆಂದರೆ, ಮುಂದೆ ಧಾರವಾಡದಲ್ಲಿ ಬಂದ ಫಸ್ಟ್ ಕ್ಲಾಸಿಗೂ ಅಷ್ಟು ಬೀಗಲಿಲ್ಲ. ಬಿ.ಎಸ್ಸಿಗೆ ನಾನು ಭೌತಶಾಸ್ತ್ರವನ್ನೇ ಆರಿಸಿಕೊಂಡದ್ದು ಯಾಕೆಂದು ಹಾಸ್ಟೆಲಿನ ಗೆಳತಿಯರು ಕೇಳುತ್ತಿದ್ದರು. ಮನೆಯಲ್ಲೊಬ್ಬರಿಗೆ ಉತ್ತರ ಹೇಳಬೇಕಿದೆ ಎಂದರೆ ನಗುತ್ತಿದ್ದರು.

ಆರು ವರ್ಷಗಳ ಮೇಲೆ, ಡಿಗ್ರಿಯ ಫಲಿತಾಂಶ ಬಂದ ವಾರ, ಊಟ ಮುಗಿಸಿ ಅಪ್ಪ ಈಗ ಹೇಳು ಎಂದ. ನಾನು ಸಿದ್ಧವಾಗಿಯೇ ಬಂದಿದ್ದೆ. ಸೀಮೆಸುಣ್ಣದಿಂದ ಪಡಸಾಲೆಯ ನೆಲದ ಮೇಲೆ ಎತ್ತು ಬರೆದೆ, ಚಕ್ಕಡಿ ಬರೆದೆ, ಬಾಣಗಳನ್ನು ಬರೆದೆ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ. ನೆಲ ಅಷ್ಟೇ ಬಲದಿಂದ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಚಕ್ಕಡಿ ಹಿಂದಕ್ಕೆ ಎಳೆಯುವುದಕ್ಕಿಂತ ನೆಲ ಮುಂದಕ್ಕೆ ತಳ್ಳುವುದು ಹೆಚ್ಚಾದಾಗ ಎತ್ತೂ ಚಕ್ಕಡಿಯೂ ಹೊರಡುತ್ತವೆ. ಕೆಸರಿನಲ್ಲಿ ನೆಲಕ್ಕೆ ತಳ್ಳಲು ಆಗುವುದಿಲ್ಲ, ಅದಕ್ಕೇ ಹೊಟ್ಟು. ಅಪ್ಪ ನೆಲದ ಮೇಲಿನ ಬಾಣಗಳ ಮೇಲೆ ಬೆರಳಾಡಿಸುತ್ತ ಕೇಳಿದ. ಹೇಳಿ ಮುಗಿಸಿದೆ. ಅವನು ಗೊರಸಿನ ಕೆಳಗಿನ ಬಾಣ ತೋರಿಸಿ, ಎತ್ತು ನೆಲವನ್ನು ಹಿಂದಕ್ಕೆ ಒದ್ದರೆ ನೆಲ ಹಿಂದಕ್ಕೆ ಹೋಗಬೇಕಲ್ಲ ಎಂದ. ಹೋಗುತ್ತದೆ, ಆದರೆ ಭೂಮಿ ಬಹಳ ಭಾರ, ಅದು ಸರಿಯುವುದು ಯಾರ ಕಣ್ಣಿಗೂ ಕಾಣದಷ್ಟು ಕಡಿಮೆ ಎಂದೆ.

"ಕಣ್ಣಿಗಿ ಕಾಣದ್ದನ್ನ ಆರು ವರ್ಷ ಕಲತಿ?"

ಹಾಗೆಂದು ಎದ್ದು ಹೋದ. ಹೀಯಾಳಿಸಿದನೋ, ಬೆರಗಾದನೋ ನನಗೆ ತಿಳಿಯಲಿಲ್ಲ. ಅವ್ವನನ್ನು ಕೇಳಿದೆ, ಆಕೆಗೂ ತಿಳಿದಿರಲಿಲ್ಲ. ಚಿತ್ರವನ್ನು ಅಳಿಸಲೋ ಬಿಡಲೋ ಎಂದು ಬಹಳ ಹೊತ್ತು ಅದರ ಮುಂದೆಯೇ ಕುಳಿತಿದ್ದೆ.

ಮರುದಿನ ಮುಂಜಾನೆ ಹೊರಗೆ ಕಟ್ಟೆಯ ಮೇಲೆ ಅಪ್ಪನ ಧ್ವನಿ ಕೇಳಿಸಿತು. ಓಣಿಯ ಮೂರ್ನಾಲ್ಕು ಜನ ಹೊಲಕ್ಕೆ ಹೊರಟವರು ನಿಂತಿದ್ದರು. ಎತ್ತು ಹೆಜ್ಜೆ ಹಾಕಿದಾಗಲೆಲ್ಲ ಭೂಮಿ ಹಿಂದಕ್ಕೆ ಸರಿಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ ಎಂದು ಅಪ್ಪ ಅವರಿಗೆ ಹೇಳುತ್ತಿದ್ದ, ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ. ಭಾರವಾದ ಎತ್ತಾದರೆ ಒಂದು ಬೆರಳಷ್ಟಾದರೂ ಸರಿಯುತ್ತದೆ ಎಂದೂ ಸೇರಿಸಿದ. ಅದು ತಪ್ಪು. ಯಾರೋ ನಕ್ಕು, ಇದನ್ನು ಯಾರು ಹೇಳಿದರು ಎಂದು ಕೇಳಿದರು. ಅಪ್ಪ ಹೇಳಿದ್ದು ಪೂರ್ತಿ ಕೇಳಿಸಲಿಲ್ಲ, ನನ್ನ ಹೆಸರು ಮಾತ್ರ ಕೇಳಿಸಿತು. ನಾನು ಬಾಗಿಲ ಹಿಂದೆಯೇ ನಿಂತೆ. ತಿದ್ದಲು ಹೋಗಲಿಲ್ಲ.